ಕೆಂಚಿಯ ಹಿಂಗಾಲಿಗಾಗಿ ಐರ್ಲೆಂಡಿಗೆ

ಕೂಡ್ಲಿಗಿ ಬಸ್ ನಿಲ್ದಾಣ

ನಾನು ಐರ್ಲೆಂಡಿಗೆ ಹೋದದ್ದು ಒಂದು ಸುಳ್ಳಿನ ಬಲದಿಂದ. ಕುದುರೆ, ನಾಯಿಗಳಿಗೆ ಫಿಸಿಯೋಥೆರಪಿ ಮಾಡುವ ಒಂದು ಕೇಂದ್ರ ಅಲ್ಲಿದೆ, ಮೂರು ವಾರ ಇಟ್ಟುಕೊಂಡು ಕೆಲಸ ಕಲಿಸುತ್ತಾರೆ ಎಂದು ಗೊತ್ತಾಗಿ ಅರ್ಜಿ ಹಾಕಿದ್ದೆ. ಅದರಲ್ಲಿ ‘ದೊಡ್ಡ ಪ್ರಾಣಿಗಳಿಗೆ ಚಿಕಿತ್ಸೆ ಮಾಡಿದ ಅನುಭವ ಇದೆಯೇ?’ ಎಂದು ಕೇಳಿದ್ದರು. ಹರಪನಹಳ್ಳಿ ಕಡೆಯ ಒಬ್ಬ ಪೈಲ್ವಾನರ ಸೊಂಟವನ್ನು ನಾನು ಹದಿನೈದು ದಿನ ತಿಕ್ಕಿದ್ದೆ. ಅವರು ಮಂಚದ ಮೇಲೆ ಹೊರಳಿದರೆ ಕೆಳಗಿನ ಮೊಬೈಲ್ ಅಂಗಡಿಯವನು ಮೇಲೆ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದ. ‘ಇದೆ’ ಎಂದು ಬರೆದೆ.

ನನ್ನ ಹೆಸರು ಕೊಟ್ರೇಶ. ನಮ್ಮ ಕಡೆಯ ಬಸ್ಸಿನಲ್ಲಿ ನಿಂತು ‘ಕೊಟ್ರೇಶಾ’ ಎಂದು ಕೂಗಿದರೆ ಡ್ರೈವರ್ ಸೇರಿ ಆರು ಜನ ತಿರುಗಿ ನೋಡುತ್ತಾರೆ. ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿರುವ ಏಳನೆಯವನು ನಾನು. ಕೂಡ್ಲಿಗಿಯಲ್ಲಿ ಆ ಮೊಬೈಲ್ ಅಂಗಡಿಯ ಮೇಲೆ ನನ್ನ ಫಿಸಿಯೋಥೆರಪಿ ಕೋಣೆ ಇದೆ. ಜನರ ಬಾಯಲ್ಲಿ ನಾನು ‘ಕರೆಂಟ್ ಕೊಡೋ ಡಾಕ್ಟ್ರು’. ಮೊಣಕಾಲು ನೋವಿನವರೆಲ್ಲ ಕಡಿದಾದ ಮೆಟ್ಟಿಲು ಹತ್ತಿ ನನ್ನ ಹತ್ತಿರ ಬರಬೇಕು. ಹತ್ತಿ ಬಂದವರು ಆಗಲೇ ಅರ್ಧ ವಾಸಿಯಾಗಿರುತ್ತಾರೆ. ಉಳಿದರ್ಧಕ್ಕೆ ನನಗೆ ಹೆಸರು ಬರುತ್ತದೆ.

ಇಂಥವನಿಗೆ ಕುದುರೆಯ ಉಸಾಬರಿ ಯಾಕೆ ಬೇಕಿತ್ತು ಅಂದರೆ, ಕೆಂಚಿ. ಕೆಂಚಿ ಗುಡೇಕೋಟೆಯ ನಮ್ಮ ದೊಡ್ಡಪ್ಪನ ಕುರಿಕಾಯುವ ನಾಯಿ. ನಮ್ಮಪ್ಪ ಕುರಿ ಬಿಟ್ಟು ಊರು ಸೇರಿದ, ದೊಡ್ಡಪ್ಪ ನಾಗಪ್ಪ ಕುರಿ ಬಿಡಲಿಲ್ಲ. ಒಂದು ಸಂಜೆ ಗುಡ್ಡದಲ್ಲಿ ಹಿಂಡಿಗೆ ಕರಡಿ ಅಡ್ಡ ಬಂತು. ಕೆಂಚಿ ಹಿಂಡಿಗೂ ಕರಡಿಗೂ ನಡುವೆ ನಿಂತಳು. ಕರಡಿ ಹೋಯಿತು, ಕುರಿ ಉಳಿದವು, ಕೆಂಚಿ ಬಂಡೆಯಿಂದ ಕೆಳಗೆ ಬಿದ್ದಳು. ಎಲುಬು ಮುರಿದಿರಲಿಲ್ಲ, ಬೆನ್ನಿನ ನರ ಬಾತಿತ್ತು. ಹಿಂದಿನ ಎರಡೂ ಕಾಲು ಸತ್ತ ಹಾಗೆ ಜೋತು ಬಿದ್ದವು.

ನಾನು ಹೊರಡುವ ದಿನ ದೊಡ್ಡಪ್ಪ ಅವಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ ನಿಲ್ದಾಣಕ್ಕೆ ಬಂದಿದ್ದ.

“ನೀ ಬರೋತನಕ ಕಾಯ್ತೀನಲೇ. ದೀಪಾವಳಿ ಆದ ಮ್ಯಾಲೆ ಹಿಂಡು ವಲಸಿ ಹೊರಡತೈತಿ, ನಿನಗ ಗೊತ್ತೈತಿ. ಅಷ್ಟರಾಗ ಎದ್ದಳಪಾ ಅಂದ್ರ ಸರಿ. ಇಲ್ಲಂದ್ರ ಸೂಜಿ ಹಾಕಿ ಮಲಗಿಸಿಬಿಡಾದು ಒಳ್ಳೇದು ಅಂದಾರ ಡಾಕ್ಟ್ರು.”

“ದೊಡ್ಡಮ್ಮನ ತಾವ ಬಿಟ್ಟು ಹೋಗು.”

“ಬಿಟ್ಟು ಹೋದ್ರ ಅಕಿ ಕೂಳು ಮುಟ್ಟಂಗಿಲ್ಲ. ಕರಕೊಂಡು ಹೋದ್ರ ನಡಿಯಂಗಿಲ್ಲ. ಎಳಕೊಂಡು ತಿರುಗಾದು ನನ್ನ ಕೈಲೆ ನೋಡಾಕ ಆಗಂಗಿಲ್ಲ.” ಕೆಂಚಿಯ ಮೈಮೇಲಿನ ಕಂಬಳಿ ಸರಿಮಾಡಿ ಕೇಳಿದ: “ಅಲ್ಲಿತನ ನಾ ಏನು ಮಾಡ್ಲಿ?”

ಬಸ್ಸು ಹೊರಟಿತ್ತು. ಕಿಟಕಿಯಿಂದ ತಲೆ ಹಾಕಿ, ದಿನಕ್ಕೆ ಹತ್ತು ಸಲ ನನ್ನ ಬಾಯಿಂದ ತಾನೇ ಉದುರುವ ಮಾತನ್ನು ಉದುರಿಸಿದೆ: “ಕಾಲು ಊರಬಾರದು ನೋಡು! ನೆಲಕ್ಕ ಕಾಲು ಊರಬಾರದು!”

ತೆಲಿಗಿಯಿಂದ ಬರುವ ಮುದುಕರಿಗೂ, ಮೋಟರ್ ಸೈಕಲ್ಲಿನಿಂದ ಬಿದ್ದ ಹುಡುಗರಿಗೂ ನಾನು ಇದನ್ನೇ ಹೇಳುವುದು. ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಅದಕ್ಕೇ ಹೇಳುವುದರಲ್ಲಿ ಅಪಾಯವಿದೆ ಎಂದು ನನಗೆ ಅನಿಸಿರಲಿಲ್ಲ.

ಡಬ್ಲಿನ್

ಇಲ್ಲಿಂದ ಮುಂದೆ ಎಲ್ಲರೂ ಮಾತಾಡಿದ್ದು ಇಂಗ್ಲಿಷು. ಆದರೆ ಅವರ ಇಂಗ್ಲಿಷಿನ ವೇಗ ಎಷ್ಟೆಂದರೆ, ಕೊಟ್ಟೂರು ಬಸ್ಸಿನ ಕಂಡಕ್ಟರು ಒಂದೇ ಉಸಿರಿನಲ್ಲಿ ಹತ್ತು ಸ್ಟಾಪು ಕೂಗಿದಂತೆ. ನನಗೆ ತಿಳಿದದ್ದೆಲ್ಲ ನಮ್ಮ ಮಾತಿನಲ್ಲೇ ತಿಳಿಯಿತು, ಹಾಗೇ ಬರೆಯುತ್ತೇನೆ.

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಕೇಳಿದರು: “ಎದಕ್ಕ ಬಂದಿಯಪಾ?”

‘ತರಬೇತಿಗೆ’ ಎಂದು ಒಂದೇ ಪದ ಹೇಳು ಅಂತ ಎಲ್ಲರೂ ಬುದ್ಧಿ ಹೇಳಿ ಕಳಿಸಿದ್ದರು. ಬಾಯಿ ಕೇಳಬೇಕಲ್ಲ. “ನಾಯಿಗೆ ನಡಿಯಾದು ಕಲಿಸಾಕ್ರಿ” ಅಂದೆ.

“ಯಾಕ, ನಿಮ್ಮೂರಾಗ ನಾಯಿ ನಡಿಯಂಗಿಲ್ಲೇನು?”

ನಾನು ಗುಡೇಕೋಟೆಯ ಗುಡ್ಡದಿಂದ ಶುರು ಮಾಡಿದೆ. ಹಿಂಡು, ಸಂಜೆ, ಕರಡಿ, ಬಂಡೆ. ಕರಡಿ ಹೇಗೆ ಎದ್ದು ನಿಂತಿತು ಎಂದು ಎರಡೂ ಕೈ ಎತ್ತಿ ತೋರಿಸಿದೆ. ಆಗ ದೂರದಲ್ಲಿದ್ದ ಪೊಲೀಸರೊಬ್ಬರು ಹತ್ತಿರ ಬಂದರು. ಹಿಂದಿನ ಸಾಲಿನವರು ಗೊಣಗುವುದನ್ನು ನಿಲ್ಲಿಸಿ ಕತ್ತು ಉದ್ದ ಮಾಡಿದರು. ಅಧಿಕಾರಿ ಪೂರ್ತಿ ಕೇಳಿ, ಠಸ್ಸೆ ಒತ್ತಿ, ಪಾಸ್‌ಪೋರ್ಟನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡರು.

“ಮತ್ತ ಕರಡಿ ಏನಾತು?”

“ಕರಡಿ ಆರಾಮೈತ್ರಿ.”

ಸಮಾಧಾನವಾದ ಮೇಲೆ ಬಿಟ್ಟರು.

ಹೊರಗೆ ಮೋರಾ ಎಂಬವರು ಕಾಯುತ್ತಿದ್ದರು. ಕೇಂದ್ರ ನಡೆಸುವವರು ಅವರೇ. ಅರವತ್ತು ದಾಟಿದ ಹೆಂಗಸು, ಮೊಣಕಾಲಿನವರೆಗೆ ರಬ್ಬರ್ ಬೂಟು, ತಲೆಗೂದಲಲ್ಲಿ ಒಂದಿಷ್ಟು ಒಣಹುಲ್ಲು. ‘ಬರೀ ಮೋರಾ ಅನ್ನು’ ಅಂದರು. ನಮ್ಮಮ್ಮನ ವಯಸ್ಸಿನವರನ್ನು ಬರೀ ಹೆಸರಿಂದ ಕರೆದರೆ ಸಾವಿರಾರು ಮೈಲಿ ದಾಟಿ ನಮ್ಮಮ್ಮನ ಕೈ ಬಂದು ಕಪಾಳಕ್ಕೆ ಬಿದ್ದೀತು ಎಂದು ಹೆದರಿ ‘ಮೋರಕ್ಕ’ ಅಂದೆ. ಅದು ತಮ್ಮ ಹೆಸರಿನ ಭಾರತೀಯ ರೂಪ ಇರಬೇಕೆಂದು ಅವರು ಒಪ್ಪಿಕೊಂಡರು.

ದಾರಿಯುದ್ದಕ್ಕೂ ಮಳೆ. ಅದನ್ನು ಮಳೆ ಎಂದು ಒಪ್ಪಲು ಮಾತ್ರ ಮೋರಕ್ಕ ತಯಾರಿರಲಿಲ್ಲ. “ಇದು ಮಳಿ ಅಲ್ಲ, ದಿನ ಸ್ವಲ್ಪ ಮೆತ್ತಗೈತಿ” ಅಂದರು. ಕೂಡ್ಲಿಗಿಯಲ್ಲಿ ಇಂಥ ಮೆತ್ತಗಿನ ದಿನ ಒಂದು ಬಂದರೆ ಮಿರ್ಚಿ ಅಂಗಡಿಯಲ್ಲಿ ಎಣ್ಣೆ ಆರುವುದಿಲ್ಲ. ನಾನು ಖುಷಿಗೆ ಕಿಟಕಿ ಇಳಿಸಿ ಮುಖ ಹೊರಗಿಟ್ಟೆ. ಕೇಂದ್ರ ತಲುಪುವ ಹೊತ್ತಿಗೆ ಇಪ್ಪತ್ತು ಸಲ ಸೀನಿದ್ದೆ. ‘ನೆಗಡಿಯ ಪ್ರಾಣಿ ಬಂದರೆ ಬೇರೆ ಕೋಣೆಯಲ್ಲಿ ಇಡುವುದು ನಮ್ಮ ನಿಯಮ’ ಎಂದು ಮೋರಕ್ಕ ನನ್ನನ್ನು ಕುದುರೆ ಜೀನು ಇಡುವ ಕೋಣೆಯ ಮೇಲಿನ ಅಟ್ಟಕ್ಕೆ ಹಾಕಿದರು.

ಮೊದಲ ದಿನ: ಬಿಸ್ಕತ್ತಿನ ಕಾಲು

ಕೇಂದ್ರದಲ್ಲಿ ಒಂದು ಕಡೆ ಕುದುರೆಗಳು, ಇನ್ನೊಂದು ಕಡೆ ನಾಯಿಗಳು, ನಡುವೆ ಟೀ ಕೋಣೆ. ನನ್ನ ಪಾಲಿಗೆ ಬಂದದ್ದು ರೇಸು ಓಡಿ ನಿವೃತ್ತಿಯಾದ ಕುದುರೆ. ಹೆಸರು ಬಿಸ್ಕತ್ತು. ಹೆಸರು ಕೇಳಿ ನಾನು ಅಂಗೈಯಲ್ಲಿ ಹಿಡಿಯುವಂಥದ್ದನ್ನು ನಿರೀಕ್ಷಿಸಿದ್ದೆ. ಬಂದದ್ದು ಬಾಗಿಲು ತುಂಬ ಬಂತು. ಅದರ ಬೆನ್ನು ನನ್ನ ತಲೆಯ ಮಟ್ಟಕ್ಕಿತ್ತು.

ಕೆಲಸ ಶುರು ಮಾಡುವ ಮೊದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ರೂಢಿ. ಡ್ರೈವರ್ ಸ್ಟೀರಿಂಗ್ ಮುಟ್ಟುತ್ತಾನೆ, ದರ್ಜಿ ಮಿಷನ್ ಮುಟ್ಟುತ್ತಾನೆ, ನಾನು ದಿನಾ ಬೆಳಿಗ್ಗೆ ಕರೆಂಟ್ ಪೆಟ್ಟಿಗೆ ಮುಟ್ಟುತ್ತೇನೆ. ಪೆಟ್ಟಿಗೆ ಒಮ್ಮೊಮ್ಮೆ ಝುಂ ಅಂದು ಆಶೀರ್ವಾದ ಮಾಡುವುದೂ ಉಂಟು. ಇವತ್ತು ನನ್ನ ಕೆಲಸ ಯಾವುದು? ಕುದುರೆಯ ಕಾಲು. ಬಗ್ಗಿ ಭಕ್ತಿಯಿಂದ ಅದರ ಮುಂಗಾಲಿನ ಕೆಳಭಾಗ ಮುಟ್ಟಿದೆ.

ಒಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಗೊರಸು ತೊಳೆಯಲು ಅನುಕೂಲವಾಗಲಿ ಎಂದು, ಅಲ್ಲಿ ಮುಟ್ಟಿದ ತಕ್ಷಣ ಕಾಲು ಎತ್ತುವಂತೆ ಕುದುರೆಗೆ ಮರಿಯಿಂದಲೇ ಕಲಿಸಿರುತ್ತಾರೆ. ಬಿಸ್ಕತ್ತು ಕಲಿತ ಕುದುರೆ. ಎತ್ತಿತು. ಗೊರಸು ನನ್ನ ಗದ್ದಕ್ಕೆ ತಾಗಿತು. ಯಾರೂ ಹಿಡಿದುಕೊಳ್ಳದ್ದರಿಂದ ಅದು ಕಾಲನ್ನು ಪುನಃ ಇಳಿಸಿತು. ಆ ಜಾಗದಲ್ಲಿ ಈಗ ನನ್ನ ಕಾಲಿತ್ತು.

ನನ್ನ ಕೂಗಿಗೆ ಆಚೆ ಕಡೆಯ ನಾಯಿಗಳೆಲ್ಲ ಬೊಗಳಿದವು. ಮೋರಕ್ಕ ಓಡಿ ಬಂದು ಬಿಸ್ಕತ್ತಿನ ಎದೆ ತಳ್ಳಿ ಸರಿಸಿದರು.

“ಕುದುರಿ ಕಾಲಿಗೆ ಯಾಕ ಬಿದ್ದೆಪಾ?”

“ಗೌರವಕ್ರಿ.”

“ಅದಕ್ಕೂ ನಿನ್ನ ಮ್ಯಾಲೆ ಗೌರವೈತಿ ಬಿಡು. ಪೂರಾ ಭಾರ ಹಾಕಿಲ್ಲ.”

ಹೆಬ್ಬೆರಳು ಬದನೆಕಾಯಿಯಾಯಿತು. ಕುದುರೆಗೆ ಕಟ್ಟುವ ಐಸಿನ ಪಟ್ಟಿಯನ್ನೇ ನನಗೂ ಕಟ್ಟಿದರು. ಅದು ನನ್ನ ತೊಡೆಯವರೆಗೆ ಬಂತು.

ಎರಡನೇ ದಿನ: ಪಾಠದ ಪ್ರಾಣಿ

ಕುಂಟುವ ಪ್ರಾಣಿಯ ಯಾವ ಕಾಲು ನೋಯುತ್ತಿದೆ ಎಂದು ಪತ್ತೆ ಮಾಡುವುದೇ ಈ ವಿದ್ಯೆಯ ಮೊದಲ ಪಾಠ. ಕುದುರೆಯನ್ನು ಮುಂದೆ ಹಿಂದೆ ನಡೆಸಿ ಕಲಿಸುತ್ತಾರೆ. ಮೋರಕ್ಕ ಅವತ್ತು ಕುದುರೆ ತರಿಸಲಿಲ್ಲ. ಉಳಿದ ಮೂವರು ವಿದ್ಯಾರ್ಥಿಗಳನ್ನು ಅಂಗಳದಲ್ಲಿ ನಿಲ್ಲಿಸಿ ನನ್ನನ್ನು ಕರೆದರು.

“ಕೊಟ್ರೇಶ, ಆ ಗೋಡಿತನ ಹೋಗಿ ಬಾ. ಎಲ್ಲಾರೂ ಇವನ ತಲಿ ನೋಡ್ರಿ, ಕಾಲು ನೋಡಬ್ಯಾಡ್ರಿ.”

ಹೋದೆ, ಬಂದೆ. ನೋಯುವ ಕಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಗಟ್ಟಿ ಕಾಲು ಊರಿದಾಗ ಇಳಿಯುತ್ತದೆ. ಕುದುರೆಯಲ್ಲೂ ಮುಂಗಾಲಿನ ನೋವನ್ನು ಹೀಗೇ ಹಿಡಿಯುವುದು. ಒಬ್ಬ ಹುಡುಗಿಗೆ ಸರಿಯಾಗಿ ಕಾಣಲಿಲ್ಲ, ‘ಓಡಿಸಿದರೆ ಗೊತ್ತಾಗುತ್ತದೆ’ ಅಂದಳು. ಓಡಿಸಿದರು. ಪಾಠ ಮುಗಿದ ಮೇಲೆ ಮೋರಕ್ಕ ಅಭ್ಯಾಸಬಲದಿಂದ ನನ್ನ ಕತ್ತು ತಟ್ಟಿ ಜೇಬಿನಿಂದ ಒಂದು ಗಜ್ಜರಿ ತೆಗೆದುಕೊಟ್ಟರು. ತಿಂದೆ. ಚೆನ್ನಾಗಿತ್ತು.

ವಾರದ ಕೊನೆ: ಕೈ ಎತ್ತಿದ್ದರ ಫಲ

ಆ ಊರಿನ ಜನರ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಕಾರಿನಲ್ಲಿ ಎದುರು ಬಂದವರು ಗುರುತಿರಲಿ ಬಿಡಲಿ, ಸ್ಟೀರಿಂಗಿನಿಂದ ಒಂದೇ ಒಂದು ಬೆರಳು ಎತ್ತಿ ನಮಸ್ಕಾರ ಮಾಡುತ್ತಾರೆ. ಒಂದು ಬೆರಳಿನ ನಮಸ್ಕಾರಕ್ಕೆ ಒಂದು ಬೆರಳಿನಿಂದ ಉತ್ತರ ಕೊಟ್ಟರೆ ಜಿಪುಣತನವೆನಿಸೀತು ಎಂದು, ರಜೆಯ ದಿನ ಕುಂಟುತ್ತಾ ತಿರುಗಾಡಲು ಹೋದವನು ಪೂರ್ತಿ ತೋಳೆತ್ತಿ ಬೀಸಿದೆ. ನಮ್ಮಲ್ಲಿ ಕೊನೆಯ ಬಸ್ಸಿಗೆ ಬೀಸುತ್ತೇವಲ್ಲ, ಹಾಗೆ.

ಕಾರು ನಿಂತಿತು. ಅಜ್ಜ ಒಬ್ಬರು ಬಾಗಿಲು ತೆಗೆದು “ಹತ್ತಪಾ, ಕಾಲಿಗೇನಾತು?” ಅಂದರು. ಬೇಡ ಎನ್ನಲು ನಾಚಿಕೆಯಾಗಿ ಹತ್ತಿದೆ. ಅವರ ಊರಲ್ಲಿ ಇಳಿಸಿದರು. ಅಲ್ಲಿಂದ ವಾಪಸು ನಡೆಯುವಾಗ ಇನ್ನೊಂದು ಕಾರಿಗೆ ಕೈ ಬೀಸಿದೆ, ಬುದ್ಧಿ ಬರಬೇಕಲ್ಲ. ಮಧ್ಯಾಹ್ನದೊಳಗೆ ನಾಲ್ಕು ಊರು ನೋಡಿದೆ, ಒಂದೂ ನಾನು ನೋಡಬೇಕೆಂದಿದ್ದ ಊರಲ್ಲ. ನಾಲ್ಕು ಮನೆಯಲ್ಲಿ ಟೀ ಆಯಿತು. ಟೀ ವಿಷಯದಲ್ಲಿ ಅವರು ನಮ್ಮವರೇ. ಕೇಳಿದ ತಕ್ಷಣ ‘ಹೂಂ’ ಅನ್ನಬಾರದು. ‘ಬ್ಯಾಡ್ರಿ, ಈಗ ಆಗೈತಿ’ ಅನ್ನಬೇಕು, ಅವರು ‘ಒಂದೀಟು’ ಅನ್ನಬೇಕು, ಮೂರನೇ ಸಲಕ್ಕೆ ‘ನಿಮ್ಮ ಸಲುವಾಗಿ’ ಎಂದು ಒಪ್ಪಬೇಕು. ಈ ಆಟದಲ್ಲಿ ಮಾತ್ರ ನಾನು ಎಲ್ಲೂ ಸೋಲಲಿಲ್ಲ.

ದಾರಿಯ ಎರಡೂ ಕಡೆ ಕುರಿಗಳು. ಹುಲ್ಲಿನ ಮೇಲೆ ಮಲಗಿ, ಎದ್ದೇಳುವ ಗೊಡವೆಯಿಲ್ಲದೆ, ಬಾಯಿಗೆ ಎಟುಕಿದ್ದನ್ನು ಮೇಯುತ್ತಿದ್ದವು. ಮುಳ್ಳುಕಂಟಿಯ ನಡುವೆ ಒಂದೊಂದು ಎಸಳಿಗೂ ಕತ್ತು ಚಾಚುವ ಗುಡೇಕೋಟೆಯ ಕುರಿಗಳು ಇವುಗಳನ್ನು ನೋಡಿದರೆ ಏನನ್ನುತ್ತವೋ. ಆದರೆ ಬೆನ್ನ ಮೇಲೆ ಗುರುತಿನ ಬಣ್ಣ ಇಲ್ಲೂ ಇತ್ತು. ದೊಡ್ಡಪ್ಪನಿಗೆ ಫೋಟೋ ಕಳಿಸಿದೆ. ‘ಉಣ್ಣೆ ಚಲೋ ಐತಿ, ಕಾಲು ಗಿಡ್ಡ’ ಎಂದು ಧ್ವನಿ ಸಂದೇಶ ಬಂತು. ಕೆಂಚಿ ಹೇಗಿದ್ದಾಳೆ ಅಂದರೆ, ‘ನೀ ಹೇಳಿದಂಗ ಮಾಡಾಕತ್ತೀನಿ’ ಅಂದ. ನನಗೆ ಹೆಮ್ಮೆಯಾಯಿತು.

ಹತ್ತನೇ ದಿನ: ಗುಡೇಕೋಟೆಯ ತಜ್ಞರು

ಬಿಸ್ಕತ್ತಿಗೆ ದಿನಾ ನೀರಿನ ಟ್ರೆಡ್‌ಮಿಲ್. ಗಾಜಿನ ಗೋಡೆಯ ದೊಡ್ಡ ಪೆಟ್ಟಿಗೆ, ಕೆಳಗೆ ಓಡುವ ಪಟ್ಟಿ. ಕುದುರೆ ನಿಂತ ಮೇಲೆ ನೀರು ಏರುತ್ತದೆ. ನೀರು ಮೈಯ ಭಾರ ಹೊರುತ್ತದೆ, ನೋವಿಲ್ಲದೆ ಕಾಲು ಎತ್ತಬಹುದು. ನಾಯಿಗಳಿಗೂ ಇಂಥದೇ ಚಿಕ್ಕದಿದೆ. ಹಿಂಗಾಲು ಹೋಗಿದ್ದ ಒಂದು ಕರಿ ನಾಯಿ ಅದರಲ್ಲಿ ನಿಂತಿದ್ದನ್ನು ನೋಡಿ ನಾನು ತೋಳಿಗೆ ಮೂಗು ಒರೆಸಿಕೊಂಡೆ. ನೆಗಡಿ ಇನ್ನೂ ಹೋಗಿಲ್ಲ ಎಂದು ಎಲ್ಲರಿಗೂ ಹೇಳಿದೆ.

ಅವತ್ತು ಮೋರಕ್ಕ ಬಿಸ್ಕತ್ತನ್ನು ಅಂಗಳದಲ್ಲಿ ನಡೆಸಿ ಕೇಳಿದರು: “ಇದರ ಮೂಲ ನೋವು ಎಲ್ಲೈತಿ? ನಾಳಿತನ ಟೈಮೈತಿ, ಯೋಚನಿ ಮಾಡಿ ಹೇಳ್ರಿ.”

ನಾನು ಯೋಚನೆ ಮಾಡುವ ಬದಲು ವಿಡಿಯೋ ತೆಗೆದು ದೊಡ್ಡಪ್ಪನಿಗೆ ಕಳಿಸಿದೆ. ಟೀ ಆರುವುದರೊಳಗೆ ಉತ್ತರ ಬಂತು. ‘ಮುಂಗಾಲು ನೋಡಬ್ಯಾಡಲೇ, ಅದು ಸುಮ್ನ ತೋರಸ್ತೈತಿ. ಹಿಂದ ಎಡಗಡಿ ಸೊಂಟ ನೋಡು, ಬಾಲ ಒಂದು ಕಡಿ ಹಿಡದೈತಿ.’ ಮರುದಿನ ಅದನ್ನೇ ಗಂಭೀರ ಮುಖ ಮಾಡಿ ಒಪ್ಪಿಸುವ ಯೋಚನೆಯಿತ್ತು. ಆದರೆ ಫೋನು ಜೋರಾಗಿತ್ತು, ಮೋರಕ್ಕ ಹಿಂದೆಯೇ ಇದ್ದರು.

“ಯಾರವರು? ಏನಂದ್ರು?”

ಹೇಳಿದೆ. ಮೋರಕ್ಕ ಬಟ್ಟಲು ಕೆಳಗಿಟ್ಟರು. “ನನಗ ಇದನ್ನ ಕಂಡುಹಿಡಿಯಾಕ ಎರಡು ವಾರ ಬೇಕಾತು. ಯಾವ ಕಾಲೇಜಿನಾಗ ಅದಾರ?”

“ಗುಡ್ಡದಾಗ ಅದಾರ್ರಿ. ಕುರಿ ಕಾಯ್ತಾರ. ನೂರು ಕುರಿಯಾಗ ಒಂದು ಕುಂಟಿದ್ರ ಧೂಳಿನಾಗೇ ಗುರುತು ಹಿಡೀತಾರ.”

“ವಿಡಿಯೋ ಕಾಲ್ ಮಾಡು. ನಾ ಅವರ ಕೂಡ ಮಾತಾಡಬೇಕು. ಆ ನಾಯಿನೂ ನೋಡಬೇಕು.”

ಗುಡೇಕೋಟೆಯಲ್ಲಿ ಸಿಗ್ನಲ್ ಸಿಗುವುದು ದೊಡ್ಡಪ್ಪನ ಮನೆ ಹಿಂದಿನ ಬಂಡೆಯ ಮೇಲೆ ಮಾತ್ರ. ಅಲ್ಲಿ ಸಂಜೆಯ ಬಿಸಿಲು. ಫೋನಿನ ಪರದೆಯ ತುಂಬ ಮೊದಲು ಮೂಗು ಬಂತು, ಆಮೇಲೆ ದೊಡ್ಡಪ್ಪ ಪೂರ್ತಿ ಬಂದ. ಅವನ ಹೆಗಲ ಮೇಲೆ ಕುರಿಮರಿಯ ಹಾಗೆ, ಮುಂಗಾಲು ಒಂದು ಕಡೆ ಹಿಂಗಾಲು ಇನ್ನೊಂದು ಕಡೆ ಇಳಿಬಿಟ್ಟುಕೊಂಡು, ಕೆಂಚಿ.

ಮೋರಕ್ಕ ಕಣ್ಣು ಕಿರಿದು ಮಾಡಿದರು. “ನಾಯಿ ಹೆಗಲ ಮ್ಯಾಲೆ ಯಾಕೈತಿ?”

ನಾನು ಕೇಳಿದೆ. ದೊಡ್ಡಪ್ಪನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

“ನೀನಾ ಅಲ್ಲೇನಲೇ ಹೇಳಿದ್ದು, ನೆಲಕ್ಕ ಕಾಲು ಊರಬಾರದು ಅಂತ! ಅವತ್ತಿಂದ ಒಂದು ಸಲನೂ ಊರಿಸಿಲ್ಲ ನೋಡು. ಉಚ್ಚಿ ಹೊಯ್ಯಾಕೂ ಎತ್ತೇ ಹಿಡಕಂತೀನಿ. ನಿಮ್ಮ ದೊಡ್ಡಮ್ಮ, ನಾನು, ಪಾಳಿ ಮ್ಯಾಲೆ.”

ಹತ್ತು ದಿನಕ್ಕೂ ಮೇಲೆ. ಬಂಡೆ ಹತ್ತುವಾಗಲೂ ಹೆಗಲ ಮೇಲೆ. ನಾಯಿಯ ಸತ್ತ ಕಾಲಿಗೆ ಬೇಕಿದ್ದುದು ನೆಲ. ನೆಲ ತಾಗಿದಾಗಲೇ ನರಕ್ಕೆ ತನ್ನ ಕೆಲಸ ನೆನಪಾಗುವುದು. ಇದನ್ನು ನಾನು ಎಂಟು ದಿನದಿಂದ ಕಾಪಿ ಪುಸ್ತಕದಲ್ಲಿ ಅಡಿಗೆರೆ ಹಾಕಿ ಬರೆದುಕೊಳ್ಳುತ್ತಿದ್ದೆ. ನನ್ನ ಮಾತನ್ನು ಈ ಜಗತ್ತಿನಲ್ಲಿ ಮೊದಲ ಸಲ ಒಬ್ಬ ಮನುಷ್ಯ ಅಕ್ಷರಶಃ ಪಾಲಿಸಿದ್ದ, ಮತ್ತು ಆ ಮಾತು ತಪ್ಪಾಗಿತ್ತು.

“ಏನಂದ್ರು?” ಮೋರಕ್ಕ ಕೇಳಿದರು.

“ಅದು ನಮ್ಮ ಕಡೀ ಸಂಪ್ರದಾಯರಿ” ಅಂದುಬಿಟ್ಟೆ.

“ಸಂಪ್ರದಾಯಕ್ಕ ಮರ್ಯಾದಿ ಕೊಡೋಣ. ಆದ್ರ ಆ ನಾಯಿ ಎದ್ದೇಳಬೇಕಂದ್ರ ಅದನ್ನ ಇವತ್ತೇ ಬಿಡಬೇಕು ಅಂತ ಹೇಳು.”

ಪರದೆಯಲ್ಲಿ ದೊಡ್ಡಪ್ಪ ಕೆಂಚಿಯ ಕಿವಿ ಹಿಂದೆ ಕೆರೆಯುತ್ತಾ, ನಾನು ಶಭಾಷ್ ಅನ್ನುತ್ತೇನೆಂದು ಕಾಯುತ್ತಿದ್ದ. ಇಂಥ ಮುಖದ ಮುಂದೆ ಇನ್ನೊಂದು ಸುಳ್ಳು ಹೊರಡಲಿಲ್ಲ. ಮೋರಕ್ಕನಿಗೆ ಇಂಗ್ಲಿಷಿನಲ್ಲಿ ಹೇಳಿದೆ: ಸಂಪ್ರದಾಯವಲ್ಲ, ನನ್ನ ಬುದ್ಧಿ. ಆಮೇಲೆ ದೊಡ್ಡಪ್ಪನಿಗೆ ಕನ್ನಡದಲ್ಲಿ: “ದೊಡ್ಡಪ್ಪ, ನಾ ಹೇಳಿದ್ದು ತಪ್ಪಾತು. ಊರಬೇಕಿತ್ತು.”

ಅವನು ಬಯ್ಯಲಿಲ್ಲ. “ಟೈಮೈತೇನಲೇ ಇನ್ನೂ?” ಅಂದ.

ಮೋರಕ್ಕನಿಗೆ ಭಾಷೆ ಬೇಕಾಗಲಿಲ್ಲ. ನೇರ ಪರದೆಗೇ ತಲೆ ಆಡಿಸಿ ಹೂಂ ಅಂದರು.

ಹನ್ನೊಂದನೇ ದಿನ: ನಾಯಿ ನಾನು

ಮರುದಿನ ಅದೇ ಬಂಡೆ, ಅದೇ ಹೊತ್ತು. ಸುದ್ದಿ ಹಬ್ಬಿ ಬಂಡೆಯ ಮೇಲೆ ಅರ್ಧ ಓಣಿ ಕೂತಿತ್ತು. ಜೊತೆಗೆ ಬಾಷಾ. ಬಾಷಾ ಕೂಡ್ಲಿಗಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಗೆಳೆಯ. ಹಿಂದಿನ ದಿನ ನಾನು ಫೋನು ಮಾಡಿ ಅತ್ತಿದ್ದಕ್ಕೆ ಬೆಳಿಗ್ಗೆಯೇ ಗಾಡಿ ಹತ್ತಿ ಗುಡೇಕೋಟೆಗೆ ಹೋಗಿದ್ದ.

ಹೊಟ್ಟೆಯ ಕೆಳಗೆ ಬಟ್ಟೆಯ ಜೋಲಿ ಹಾಕಿ, ನಾಯಿಯನ್ನು ಅರ್ಧ ಎತ್ತಿ ಹಿಡಿದು, ಕಾಲು ನೆಲ ಮುಟ್ಟುವಂತೆ ನಡೆಸುವುದನ್ನು ತೋರಿಸಬೇಕಿತ್ತು. ಕರಿ ನಾಯಿ ಅವತ್ತೇ ಮನೆಗೆ ಹೋಗಿತ್ತು. ಮೋರಕ್ಕ ನನ್ನ ಮೇಲೆ ಕಣ್ಣು ಹಾಕಿದರು.

ನಾನು ನಾಲ್ಕು ಕಾಲ ಮೇಲಾದೆ. ಮೋರಕ್ಕ ನನ್ನ ಹೊಟ್ಟೆಯ ಕೆಳಗೆ ಕುದುರೆಯ ಟವೆಲ್ ಹಾಕಿ ಎತ್ತಿ ಹಿಡಿದು ಅಂಗಳದ ತುಂಬ ನಡೆಸಿದರು. ಪಂಜ ಮಡಚಿಕೊಂಡರೆ ಬಿಡಿಸಿ ಇಡುವುದು ಹೇಗೆ ಎಂದು ನನ್ನ ಪಾದ ಹಿಡಿದು ತೋರಿಸಿದರು. ಕಚಗುಳಿಯಾಗಿ ನಾನು ಒದ್ದೆ. ನೆಲದ ಮೇಲೆ ಕೋಲು ಅಡ್ಡ ಇಟ್ಟು ದಾಟಿಸಿದರು. ಒಂದನ್ನು ಎಡವಿದೆ. ಗುಡೇಕೋಟೆಯಿಂದ ನಗು, ಶಿಳ್ಳೆ.

“ಇವನಿಗಿಂತ ನಮ್ಮ ಕೆಂಚಿನೇ ವಾಸಿ ಐತಲೇ!” ದೊಡ್ಡಪ್ಪನ ಗಂಟಲು ಎಲ್ಲಕ್ಕಿಂತ ಮೇಲೆ.

“ಬಾಲ ಎಲ್ಲೈತಿ? ಬಾಲ ಆಡ್ಸಂತ ಹೇಳ್ರಿ!” ಯಾರೋ ಹೆಂಗಸು. ದೊಡ್ಡಮ್ಮನೇ ಇರಬೇಕು.

ಬಾಷಾ ಮಾತ್ರ ಕೆಲಸದ ಮನುಷ್ಯ. “ಭಾಯ್, ಆ ನೀರಿನ ಪೆಟ್ಟಿಗಿ ತೋರ್ಸು.” ತೋರಿಸಿದೆ. “ಪಟ್ಟಿ ಓಡ್ಸಾದು ನನ್ನ ಕೈಲಿ ಆಗಲ್ಲ. ಒಡದಿರೋ ಪ್ಲಾಸ್ಟಿಕ್ ನೀರಿನ ಟ್ಯಾಂಕ್ ಐತಿ ಅಂಗಡಿಯಾಗ. ಅಡ್ಡ ಮಲಗ್ಸಿ ಉದ್ದಕ ಕೊಯ್ತೀನಿ. ಪಟ್ಟಿ ಓಡಲ್ಲ, ನಾಯಿ ಓಡ್ಬೇಕು. ಫಿಕರ್ ಮಾಡಬ್ಯಾಡ.”

ಕೊನೆಗೆ ಮೋರಕ್ಕ ಒಂದು ಪ್ರಶ್ನೆ ಕೇಳಿಸಿದರು: ಕೆಂಚಿಗೆ ಬಹಳ ಇಷ್ಟದ್ದು ಯಾವುದು? ರೊಟ್ಟಿಯೋ, ಮಾಂಸವೋ?

“ಕುರಿ” ಅಂದ ದೊಡ್ಡಪ್ಪ.

“ತಿನ್ನಾಕ?”

“ಥೂ! ಕಾಯಾಕ!”

“ಹಂಗಾದ್ರ ನೀರಿನ ಆ ತುದಿಗೆ ಒಂದು ಕುರಿ ನಿಲ್ಲಸ್ರಿ” ಅಂದರು ಮೋರಕ್ಕ.

ಗುಡೇಕೋಟೆ

ಉಳಿದ ದಿನಗಳಲ್ಲಿ ನಾನು ಏನೇನು ಕಲಿತೆ, ಬಿಸ್ಕತ್ತಿಗೆ ಗಜ್ಜರಿ ತೋರಿಸಿ ಕತ್ತು ತಿರುಗಿಸುವ ವ್ಯಾಯಾಮ ಮಾಡಿಸುವಾಗ ಅದು ನನ್ನ ಜಾಕೀಟಿನ ತೋಳನ್ನು ಹೇಗೆ ತಿಂದಿತು ಎಂದೆಲ್ಲ ಬರೆಯಬಹುದು. ಮನಸ್ಸೆಲ್ಲ ಇಲ್ಲೇ ಇತ್ತು. ವಾಪಸು ಬಂದವನು ಚೀಲವನ್ನು ಕೂಡ್ಲಿಗಿಯಲ್ಲಿ ಎಸೆದು ಗುಡೇಕೋಟೆ ಬಸ್ಸು ಹತ್ತಿದೆ. ಹಿಂಡು ಹೊರಡಲು ಒಂದೇ ದಿನ ಉಳಿದಿತ್ತು.

ಮನೆಯ ಮುಂದೆ ನೀಲಿ ಟ್ಯಾಂಕು ಅರ್ಧವಾಗಿ ಮಲಗಿತ್ತು. ಆ ತುದಿಯಲ್ಲಿ ಮುನಿಸಿಕೊಂಡ ಒಂದು ಟಗರು. ನೀರಿನಲ್ಲಿ ಕೆಂಚಿ, ಹೊಟ್ಟೆಯ ಕೆಳಗೆ ಜೋಲಿ. ಜೋಲಿಯ ಬಟ್ಟೆ ನೋಡಿದೆ. ದೊಡ್ಡಪ್ಪ ತನ್ನ ಕಂಬಳಿಯನ್ನೇ ಕತ್ತರಿಸಿದ್ದ.

ನೀರಿನಲ್ಲಿ ಅವಳು ನಡೆದಳು. ಹಿಂಗಾಲು ಒಂದಕ್ಕೊಂದು ಹೆಣೆದುಕೊಂಡಂತೆ ತೊಡರುತ್ತಿದ್ದವು, ಆದರೂ ನಡೆದಳು. ನೆಲದ ಮೇಲೆ ಬಿಟ್ಟಾಗ ನಾಲ್ಕು ಹೆಜ್ಜೆ ಇಟ್ಟು ಕುಂಡಿ ಊರಿ ಕುಳಿತಳು. ನನ್ನನ್ನು ನೋಡಿ ಬಾಲ ಆಡಿಸಿದಳು. ಬಾಲ ಆಡಿತು! ಹೋಗುವಾಗ ಅದೂ ಸತ್ತಿತ್ತು. ನಾನು ಕುಣಿದೆ. ದೊಡ್ಡಪ್ಪ ಕುಣಿಯಲಿಲ್ಲ.

“ನಾಲ್ಕು ಹೆಜ್ಜಿಗೆ ಹಿಂಡು ನಿಲ್ಲಂಗಿಲ್ಲಲೇ. ನಾಳಿ ಮುಂಜಾನಿ ರೊಪ್ಪದ ಬಾಗಿಲಾ ತೆಗಿತೀನಿ. ರೊಪ್ಪದಿಂದ ಡಾಂಬರು ರಸ್ತಿತನ ತಾನಾ ಬಂದಳಪಾ ಅಂದ್ರ ನನ್ನ ಕೂಡ ಬರ್ತಾಳ. ಇಲ್ಲಂದ್ರ ಡಾಕ್ಟ್ರಿಗೆ ಬಾ ಅಂದೀನಿ.”

ರೊಪ್ಪವೆಂದರೆ ಮುಳ್ಳುಬೇಲಿಯ ಕುರಿದೊಡ್ಡಿ. ಅಲ್ಲಿಂದ ರಸ್ತೆಗೆ ಒಂದು ಇಳಿಜಾರು, ಒಂದು ಒಣ ಹಳ್ಳ, ಮತ್ತೆ ಏರು. ಕುಂಟು ಹೆಬ್ಬೆರಳಿನ ನನಗೇ ಕಷ್ಟ.

ಬೆಳಿಗ್ಗೆ ಬಾಷಾನೂ ಬಂದ. ಕತ್ತೆಯ ಮೇಲೆ ಗಂಟುಮೂಟೆ ಏರಿಸಿ ಆಗಿತ್ತು. ದೊಡ್ಡಪ್ಪ ಕೆಂಚಿಯ ಜೋಲಿ ಬಿಚ್ಚಿ ಹೆಗಲಿಗೆ ಹಾಕಿಕೊಂಡ, ಬಾಗಿಲು ತೆಗೆದ, ‘ಹುರ್ರ್’ ಎಂದು ಕೂಗಿ ಹಿಂಡಿನ ಮುಂದೆ ಹೊರಟ. ತಿರುಗಿ ನೋಡಲಿಲ್ಲ.

“ಒಂದು ಸಲ ಹಿಂದ ನೋಡು ದೊಡ್ಡಪ್ಪ, ಎದ್ದಾಳ!”

“ನೋಡಿದ್ರ ಎತ್ತಿಕೊಂಡುಬಿಡ್ತೀನಲೇ. ನೀನೂ ಮುಟ್ಟಬ್ಯಾಡ ಮತ್ತ.”

ನಾನು ಎರಡೂ ಕೈ ಜೇಬಿಗೆ ಹಾಕಿಕೊಂಡು ಅವಳ ಹಿಂದೆ ನಡೆದೆ. ನಾಲ್ಕು ಹೆಜ್ಜೆ, ಕುಳಿತಳು. ಎದ್ದಳು. ಆರು ಹೆಜ್ಜೆ. ಹಿಂಭಾಗ ಎಡಕ್ಕೆ ಹೋದರೆ ಮುಂಭಾಗ ಬಲಕ್ಕೆ. ಇಳಿಜಾರಿನಲ್ಲಿ ಉರುಳಿ ಹಳ್ಳಕ್ಕೇ ಬಿದ್ದಳು, ಅಲ್ಲೇ ನಾಲಿಗೆ ಹೊರಹಾಕಿ ಮಲಗಿಬಿಟ್ಟಳು. ಹಿಂಡು ಏರು ಹತ್ತುತ್ತಿತ್ತು. ಬಾಷಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. ನಾನು ಮುಟ್ಟದಿರಲಿ ಎಂದೋ, ತಾನು ಮುಟ್ಟದಿರಲಿ ಎಂದೋ ಗೊತ್ತಾಗಲಿಲ್ಲ.

ಆಗ ಒಂದು ಪೆದ್ದ ಮರಿ ಹಿಂಡು ಬಿಟ್ಟು ಹಳ್ಳದ ಗುಂಟ ಜಾಲಿಗಿಡದ ಕಡೆ ಹೊರಟಿತು.

ಕೆಂಚಿಯ ಕಿವಿ ನೆಟ್ಟಗಾದವು. ಮೂರು ವಾರ ನಾನು ಐರ್ಲೆಂಡಿನಲ್ಲಿ ಕಲಿತ ಯಾವ ಕ್ರಮದಲ್ಲೂ ಅವಳು ಏಳಲಿಲ್ಲ. ಹೇಗೋ ಎದ್ದಳು. ಕುಡಿದವರ ಹಾಗೆ ತೂರಾಡುತ್ತಾ ಮರಿಗೆ ಅಡ್ಡ ಹೋಗಿ ಒಂದು ಸಲ ಬೊಗಳಿದಳು. ಮರಿ ದಿಗಿಲುಬಿದ್ದು ಏರು ಹತ್ತಿತು. ಅದರ ಹಿಂಗಾಲಿಗೆ ಮೂಗು ಹಚ್ಚಿ, ತನ್ನ ಹಿಂಗಾಲು ಎಲ್ಲಿವೆ ಎಂಬುದನ್ನೇ ಮರೆತವಳ ಹಾಗೆ, ಅವಳೂ ಹತ್ತಿದಳು. ಎರಡು ಸಲ ಜಾರಿದಳು, ಎರಡು ಸಲವೂ ಎದ್ದಳು. ಡಾಂಬರು ರಸ್ತೆ ಮುಟ್ಟಿದಾಗ ಮರಿ ಹಿಂಡು ಸೇರಿತು. ಅವಳು ಹಿಂಡಿನ ಹಿಂದೆ ತನ್ನ ಜಾಗ ಸೇರಿದಳು.

ನಾನೂ ಬಾಷಾನೂ ಒಬ್ಬರ ಮುಖ ಒಬ್ಬರು ನೋಡದೆ ಆಕಾಶ ನೋಡಿದೆವು.

ಓಡಿ ಹೋಗಿ ದೊಡ್ಡಪ್ಪನ ಪಕ್ಕ ಸೇರಿಕೊಂಡೆ. ಅವನು ಇನ್ನೂ ಹಿಂದೆ ನೋಡಿರಲಿಲ್ಲ. ಆದರೆ ಹೆಜ್ಜೆ ಮಾತ್ರ ಮದುವೆ ಮೆರವಣಿಗೆಯ ಹಾಗೆ ಇಡುತ್ತಿದ್ದ. ಅವನು ನಿಧಾನಿಸಿದರೆ ಕತ್ತೆ ನಿಧಾನಿಸಿತು, ಕತ್ತೆಯ ಹಿಂದೆ ಇಡೀ ಹಿಂಡು. ಹಿಂದಿನಿಂದ ಹಡಗಲಿಯ ಮಲ್ಲಿಗೆ ಬುಟ್ಟಿ ಹೇರಿದ್ದ ಒಂದು ಟೆಂಪೋ ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ ಸುಮ್ಮನಾಯಿತು.

“ಯಾಕ ದೊಡ್ಡಪ್ಪ, ಇಷ್ಟು ಸಾವಕಾಶ ಹೊಂಟಿ?”

“ಕುರಿ ಮೇಯ್ಲಿ ಬಿಡಲೇ” ಅಂದ ದೊಡ್ಡಪ್ಪ. “ಹುಲ್ಲು ಚಲೋ ಐತಿ ಇಲ್ಲಿ.”

ನಾನು ಕೆಳಗೆ ನೋಡಿದೆ. ಆ ಕಡೆಯಿಂದ ಈ ಕಡೆಯವರೆಗೆ ಬರೀ ಡಾಂಬರು.